ಟಂಕಿಸಿದ ಪದ, ಚಲಾವಣೆಯ ಪದ



ಹೊಸ ಪದವನ್ನು 'ಟಂಕಿಸುವುದು' ಎನ್ನುತ್ತೇವೆ. ಈ ನಗರದ ಕೋಟೆ ಭಾಗದಲ್ಲಿ ಸರಕಾರದ ಟಂಕಸಾಲೆಯೇ ಇದೆ. ಅಲ್ಲಿ ಅಚ್ಚಾದ ನಾಣ್ಯವೂ ಕೈಯಿಂದ ಕೈಗೆ ಸಾಗದಿದ್ದರೆ ಬರಿಯ ಲೋಹದ ಬಿಲ್ಲೆ. ಪದದ ಪಾಡೂ ಅದೇ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಪ್ರಯಾಣಿಕರ ರೈಲು ಮೊದಲ ಬಾರಿಗೆ ಓಡಿತು. ಮರಾಠಿಯಲ್ಲಿ ಅದು 'ಆಗಗಾಡಿ'ಯಾಯಿತು. ಕನ್ನಡದಲ್ಲಿ 'ಉಗಿಬಂಡಿ', 'ಹೊಗೆಬಂಡಿ'. ಕಂಡದ್ದನ್ನು ಕಂಡಂತೆ ಹೇಳುವ ಚೆಲುವಾದ ಪದಗಳಿವು. ಆದರೆ 1925ರಲ್ಲಿ ಇದೇ ಮುಂಬಯಿಯಲ್ಲಿ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ವಿದ್ಯುತ್ ರೈಲು ಹೊರಟಿತು. ಅದರಲ್ಲಿ ಉಗಿಯೂ ಇಲ್ಲ, ಹೊಗೆಯೂ ಇಲ್ಲ. ಹೊರರೂಪಕ್ಕೆ ಅಂಟಿಕೊಂಡ ಹೆಸರು ರೂಪ ಬದಲಾದೊಡನೆ ಸಡಿಲವಾಗುತ್ತದೆ. ನಾಲಗೆಯಲ್ಲಿ ಉಳಿದದ್ದು 'ರೈಲು'. ಕೊನೆಗೊಂದು ಉಕಾರ ಸೇರಿಸಿ ಅದನ್ನು ನಮ್ಮದಾಗಿಸಿಕೊಂಡೆವು.

ಇದಕ್ಕೆ ಪ್ರತಿಯಾಗಿ 'ಆಕಾಶವಾಣಿ'ಯನ್ನು ನೋಡಿ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ಕೇಂದ್ರಕ್ಕೆ ಈ ಹೆಸರಾಯಿತು. ಪದ ಹೊಸದಲ್ಲ, ಪುರಾಣದ ಅಶರೀರವಾಣಿಗೆ ಹೊಸ ಉದ್ಯೋಗ ದೊರೆಯಿತು. 1950ರ ದಶಕದಲ್ಲಿ ದೇಶದ ಬಾನುಲಿಯೇ ಅದನ್ನು ಸ್ವೀಕರಿಸಿತು. ಪ್ರತಿದಿನವೂ ಕೇಳಿದ ಕಿವಿಗೆ ಅದು ಸಹಜವಾಯಿತು. ಅಷ್ಟೇ ಅಚ್ಚುಕಟ್ಟಾದ 'ಬಾನುಲಿ' ಬರವಣಿಗೆಯಲ್ಲೇ ಹೆಚ್ಚಾಗಿ ಉಳಿಯಿತು. ಪದದ ಸೊಗಸಷ್ಟೇ ಸಾಲದು, ಅದನ್ನು ದಿನವೂ ಉಚ್ಚರಿಸುವ ಬಾಯಿ ಬೇಕು. ಪತ್ರಿಕೆಗಳು ಬಿಡದೆ ಬಳಸಿದ್ದರಿಂದ 'ಜಾಲತಾಣ' ನೆಲೆಯೂರಿತು. ಉದ್ದನೆಯ 'ಸಂಚಾರಿ ದೂರವಾಣಿ' 'ಮೊಬೈಲ್' ಎದುರು ಸೋತಿತು.

ಹೊರನಾಡಿನ ನಮಗೆ ಇದು ಕೇವಲ ಪಂಡಿತರ ಚರ್ಚೆಯಲ್ಲ. ಒಳನಾಡಿನಲ್ಲಿ ಹೊಸ ಪದಕ್ಕೆ ಶಾಲೆಯಿದೆ, ಕಚೇರಿಯಿದೆ, ಬೀದಿಯ ಫಲಕವಿದೆ. ಇಲ್ಲಿ ಹೆಚ್ಚಿನ ಮಕ್ಕಳಿಗೆ ಇರುವುದು ಮನೆ ಮತ್ತು ಸಂಘ, ಇವೆರಡೇ. ಅಡುಗೆಮನೆಗೂ ಹಬ್ಬಕ್ಕೂ ಸಾಕಾಗುವಷ್ಟು ಕನ್ನಡವನ್ನು ಮಾತ್ರ ನಾವು ಕೊಟ್ಟರೆ, ಹೊಸ ವಿಚಾರವೊಂದು ಎದುರಾದಾಗಲೆಲ್ಲ ಅವರು ಕನ್ನಡದ ಹೊಸ್ತಿಲು ದಾಟಿ ಹೊರಗೆ ಹೋಗಬೇಕಾಗುತ್ತದೆ. ಹಾಗೆ ಹೋದವರು ಪ್ರತಿಸಲವೂ ಮರಳಿ ಬರುವರೆಂಬ ಭರವಸೆಯಿಲ್ಲ.

'ಲೋಕಲ್' ಲೋಕಲ್ಲಾಗಿಯೇ ಇರಲಿ, ಅದಕ್ಕೆ ನಾಚಬೇಕಾಗಿಲ್ಲ. ಆದರೆ ನಮ್ಮ ಆಮಂತ್ರಣ, ಲೆಕ್ಕಪತ್ರ, ಸಭೆಯ ನಡವಳಿಗಳಲ್ಲಿ ಇರುವ ಕನ್ನಡ ಪದಗಳನ್ನಾದರೂ ಸಂಕೋಚವಿಲ್ಲದೆ ಬಳಸೋಣ. ಪದಪಟ್ಟಿಗಳನ್ನು ಮುದ್ರಿಸಿ ಕಪಾಟಿನಲ್ಲಿಟ್ಟದ್ದು ಸಾಕು. ಟಂಕಸಾಲೆ ನಮ್ಮ ಕೈಯಲ್ಲಿಲ್ಲದಿರಬಹುದು, ಚಲಾವಣೆ ಮಾತ್ರ ನಮ್ಮ ಕೈಯಲ್ಲೇ ಇದೆ.