ಶರತ್ಕಾಲದಲ್ಲಿ ಕೋಳಿಗಳು ಗರಿ ಕಳಚುವುದೂ ಮೊಟ್ಟೆ ಕಡಮೆಯಾಗುವುದೂ
(ಗ್ರಾಮಸ್ಥರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಭಾದ್ರಪದ ಕಳೆದು ಆಶ್ವಯುಜ ಹುಟ್ಟುವ ಹೊತ್ತಿಗೆ ಹಳ್ಳಿಯ ಹಿತ್ತಲುಗಳಲ್ಲಿ ಒಂದು ದೂರು ಸಾಮಾನ್ಯವಾಗಿ ಕೇಳಿಬರುವುದು. ಅದುವರೆಗೆ ಚೆನ್ನಾಗಿ ಮೊಟ್ಟೆಯಿಡುತ್ತಿದ್ದ ಹೇಂಟೆಗಳು ಒಂದೊಂದಾಗಿ ನಿಲ್ಲಿಸುವುವು. ಗೂಡಿನ ಸುತ್ತಲೂ ಗರಿಗಳು ಬಿದ್ದಿರುವುವು. ಕೊರಳು ಬರಿದಾಗಿ, ಬಾಲ ಉದುರಿ, ಹಕ್ಕಿಯು ನೋಡುವುದಕ್ಕೆ ವಿಕಾರವಾಗುವುದು. ಇದನ್ನು ಕೆಲವರು ರೋಗವೆಂದು ಹೆದರುವರು; ಕೆಲವರು ದೃಷ್ಟಿ ತಾಕಿತೆನ್ನುವರು; ಮತ್ತೆ ಕೆಲವರು ಇನ್ನು ಇದಕ್ಕೆ ಹಾಕುವ ಕಾಳು ದಂಡವೆಂದು ಸಂತೆಗೆ ಒಯ್ದು ಸಿಕ್ಕಿದ ಬೆಲೆಗೆ ಮಾರಿಬಿಡುವರು. ಈ ಮೂರನೆಯ ಕೆಲಸದಿಂದಲೇ ಹೆಚ್ಚು ನಷ್ಟ. ಏಕೆಂದರೆ ಹೀಗೆ ಮಾರಿಹೋಗುವ ಹಕ್ಕಿಗಳಲ್ಲಿ ಮನೆಯ ಅತ್ಯುತ್ತಮವಾದ ಹೇಂಟೆಯೂ ಸೇರಿರುವುದುಂಟು. ಮೊಟ್ಟೆಯ ಕಾಸು ಸಾಧಾರಣವಾಗಿ ಮನೆಯ ಹೆಂಗಸರ ಕೈಯದು. ಉಪ್ಪು, ಮೆಣಸಿನಕಾಯಿ, ಮಕ್ಕಳ ಪುಸ್ತಕಗಳಿಗೆ ಆಗುವಂಥದು. ಅದು ನಿಂತರೆ ಮನೆಗೆ ಬಾಧಕವೇ ಸರಿ. ಆದುದರಿಂದ ಈ ವಿಷಯವು ಅಲ್ಪವಾದುದೆಂದು ಗ್ರಾಮದ ಮುಖಂಡರು ಉಪೇಕ್ಷೆ ಮಾಡಬಾರದು.

ಕಾರಣ

ಗರಿ ಕಳಚುವುದು ರೋಗವಲ್ಲ. ಹಾವು ಪೊರೆ ಬಿಡುವಂತೆ, ಮರವು ಎಲೆಯುದುರಿಸಿ ಚಿಗುರುವಂತೆ, ಪ್ರಾಯಕ್ಕೆ ಬಂದ ಕೋಳಿಯು ವರ್ಷಕ್ಕೊಮ್ಮೆ ಹಳೆಯ ಗರಿಯನ್ನು ಬಿಟ್ಟು ಹೊಸದನ್ನು ತೊಡುವುದು ಸೃಷ್ಟಿಯ ನಿಯಮವಾಗಿದೆ. ಇದಕ್ಕೆ ಮುಖ್ಯವಾದ ಪ್ರೇರಣೆಯು ಹಗಲಿನ ಪ್ರಮಾಣ. ಬೆಳಕು ಕಣ್ಣಿನ ಮೂಲಕವೂ ತಲೆಬುರುಡೆಯ ಮೂಲಕವೂ ಮೆದುಳನ್ನು ಮುಟ್ಟಿ, ಅಲ್ಲಿರುವ ಒಂದು ಗ್ರಂಥಿಯಿಂದ ಅಂಡಾಶಯವನ್ನು ಎಚ್ಚರಿಸುವ ರಸವನ್ನು ಹೊರಡಿಸುವುದು. ಬೆಂಗಳೂರಿನ ಸೀಮೆಯಲ್ಲಿ ಜೂನ್ ತಿಂಗಳ ಕೊನೆಯ ಭಾಗದಲ್ಲಿ ಹಗಲು ಸುಮಾರು 12 ಗಂಟೆ 50 ನಿಮಿಷಗಳಷ್ಟಿದ್ದು, ಡಿಸೆಂಬರಿನಲ್ಲಿ ಸುಮಾರು 11 ಗಂಟೆ 20 ನಿಮಿಷಗಳಿಗೆ ಇಳಿಯುವುದು. ಹಗಲು ಕುಗ್ಗಿದಂತೆ ಅಂಡಾಶಯವು ವಿಶ್ರಾಂತಿಗೆ ಹೋಗುವುದು. ಗರಿ ಕಳಚುವುದಕ್ಕೆ ಮೊದಲಾಗುವುದು. ಇಂಗ್ಲೆಂಡಿನಂಥ ಉತ್ತರದ ದೇಶಗಳಲ್ಲಿ ಹಗಲಿನ ಏರಿಳಿತವು 8 ಗಂಟೆಗಳಿಗೂ ಮಿಕ್ಕುವುದರಿಂದ ಅಲ್ಲಿ ಹಕ್ಕಿಗಳೆಲ್ಲವೂ ಹೆಚ್ಚು ಕಡಮೆ ಒಟ್ಟಿಗೆ ಗರಿ ಬಿಡುವುವು. ಇಲ್ಲಿ ಅಂತರವು ಒಂದೂವರೆ ಗಂಟೆಯಷ್ಟೇ ಆದುದರಿಂದ ಒಂದೇ ಹಿತ್ತಲಿನ ಕೋಳಿಗಳು ಹಿಂದುಮುಂದಾಗಿ ಗರಿ ಬಿಡುವುದನ್ನು ಕಾಣಬಹುದು. ಹಸಿವು, ನೀರಿಲ್ಲದಿರುವುದು, ನಾಯಿ ಬೆಕ್ಕುಗಳ ಭಯ ಇವುಗಳಿಂದ ಅಕಾಲದಲ್ಲಿಯೂ ಗರಿ ಉದುರುವುದುಂಟು.

ಗರಿ ಬೆಳೆಯುವಾಗ ಮೊಟ್ಟೆ ನಿಲ್ಲುವುದೇಕೆ? ಹಕ್ಕಿಯ ತೂಕದಲ್ಲಿ 20ರಲ್ಲಿ 1 ಪಾಲಿನಷ್ಟು ಗರಿಯೇ ಇರುವುದು. ಒಂದೂವರೆ ಕಿಲೋಗ್ರಾಂ ತೂಗುವ ಹೇಂಟೆಗೆ ಸುಮಾರು 75 ಗ್ರಾಂ ಗರಿಯೆಂದಾಯಿತು. ಗರಿಯಲ್ಲಿ ನೂರಕ್ಕೆ 85 ಪಾಲಿಗಿಂತ ಕಡಮೆಯಿಲ್ಲದಷ್ಟು ಮಾಂಸಸತ್ವವೇ, ಅಂದರೆ ಪ್ರೋಟೀನೇ. ನಾಟಿ ಕೋಳಿಯ ಒಂದು ಮೊಟ್ಟೆಯಲ್ಲಿ ಈ ಸತ್ವವು ಸುಮಾರು 5 ಗ್ರಾಂ ಇರುವುದು. ಲೆಕ್ಕ ಹಾಕಿದರೆ ಹನ್ನೆರಡು ಹದಿಮೂರು ಮೊಟ್ಟೆಗಳ, ಎಂದರೆ ಒಂದು ಕಾವಿನ ಮೊಟ್ಟೆಗಳ ಸತ್ವವು ಮೈಮೇಲಿನ ಗರಿಗೇ ವ್ಯಯವಾಗುವುದೆಂದು ತಿಳಿಯುವುದು. ಒಂದೇ ಕಣಜದಿಂದ ಎರಡು ಮನೆಗಳಿಗೆ ಕಾಳು ಸಾಲದು. ಆದುದರಿಂದ ಹಕ್ಕಿಯು ಮೊಟ್ಟೆಯನ್ನು ನಿಲ್ಲಿಸಿ ಮೊದಲು ಮೈಮುಚ್ಚಿಕೊಳ್ಳುವುದು.

ಉತ್ತಮವಾದ ಹೇಂಟೆಯನ್ನು ಗುರುತಿಸುವ ಬಗೆ

ದೃಷ್ಟಾಂತವಾಗಿ, ಒಂದೇ ವಯಸ್ಸಿನ, ಒಂದೇ ಮೇವಿನ 2 ಹೇಂಟೆಗಳನ್ನು ತೆಗೆದುಕೊಳ್ಳಬಹುದು. ಮೊದಲನೆಯದು ಆಷಾಢ ಶ್ರಾವಣಗಳಲ್ಲಿಯೇ ಗರಿ ಬಿಡಲಾರಂಭಿಸಿ, ಒಂದೊಂದೇ ಗರಿಯನ್ನು ನಿಧಾನವಾಗಿ ಕಳಚಿ, ಎಂದೂ ಬೋಳಾಗದೆ ನೀಟಾಗಿ ಕಾಣುವುದು. ಎರಡನೆಯದು ಕಾರ್ತೀಕದವರೆಗೂ ಹರಕು ಗರಿಯಲ್ಲಿಯೇ ಮೊಟ್ಟೆಯಿಡುತ್ತಿದ್ದು, ಆಮೇಲೆ ಒಮ್ಮೆಗೇ ಬೋಳಾಗಿ ನಿಲ್ಲುವುದು. ಯಜಮಾನನು ನೀಟಾದುದನ್ನು ಉಳಿಸಿಕೊಂಡು ಬೋಳಾದುದನ್ನು ಮಾರುವನು. ಮಾಡಬೇಕಾದುದು ಇದಕ್ಕೆ ವಿರುದ್ಧವಾದುದು. ತಡವಾಗಿ ಆರಂಭಿಸಿ ಬೇಗ ಮುಗಿಸುವ ಹೇಂಟೆಯೇ ವರ್ಷದಲ್ಲಿ ಹೆಚ್ಚು ಮೊಟ್ಟೆ ಕೊಡುವಂಥದು.

ರೆಕ್ಕೆಯನ್ನು ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗುವುದು. ರೆಕ್ಕೆಯ ತುದಿಯ ಕಡೆಗೆ 10 ದೊಡ್ಡ ಗರಿಗಳಿರುವುವು. ಅವುಗಳಿಗೂ ಒಳಗಿನ ಗರಿಗಳಿಗೂ ನಡುವೆ ಒಂದು ಗಿಡ್ಡ ಗರಿಯಿರುವುದು. ಗಿಡ್ಡ ಗರಿಯ ಪಕ್ಕದ್ದು ಮೊದಲು ಉದುರಿ, ಕ್ರಮವಾಗಿ ತುದಿಯ ಕಡೆಗೆ ಸಾಗುವುದು. ಉದುರಿದ ಗರಿಯು ಪೂರ್ಣವಾಗಿ ಬೆಳೆಯಲು ಸುಮಾರು 6 ವಾರಗಳು ಬೇಕು. ಸೋಮಾರಿ ಹೇಂಟೆಯು 2 ವಾರಕ್ಕೊಂದರಂತೆ ಉದುರಿಸುವುದರಿಂದ ಹತ್ತೂ ಮುಗಿಯಲು ಸುಮಾರು 24 ವಾರಗಳಾಗುವುವು. ಒಳ್ಳೆಯ ಹೇಂಟೆಯು ಮೂರು ನಾಲ್ಕನ್ನು ಒಟ್ಟಿಗೆ ಉದುರಿಸಿ 10–12 ವಾರಗಳಲ್ಲಿ ಮುಗಿಸುವುದು. ಮೊಳೆಯುವ ಗರಿಯಲ್ಲಿ ರಕ್ತವಿದ್ದು ನೋವು ಹೆಚ್ಚಾದುದರಿಂದ, ರಾತ್ರಿ ಗೂಡಿನಲ್ಲಿ ಕುಳಿತಿರುವಾಗ ಮೆಲ್ಲನೆ ಹಿಡಿದು ಪರೀಕ್ಷಿಸತಕ್ಕದ್ದು, ರೆಕ್ಕೆ ಹಿಡಿದೆತ್ತಬಾರದು.

ಮರಿ ಮಾಡಿಕೊಂಡಿರುವ ಹೇಂಟೆಯು ಮೊಟ್ಟೆ ನಿಲ್ಲಿಸುವುದು ಬೇರೆ ವಿಷಯ. ಅದನ್ನು ಈ ಲೆಕ್ಕದಲ್ಲಿ ಸೇರಿಸಕೂಡದು.

ರೋಗದ ಗುರುತುಗಳು

ಗರಿ ಬಿಡುವ ಹಕ್ಕಿಯ ಜುಟ್ಟು ಕುಗ್ಗಿ ಬಿಳಿಚಿಕೊಂಡರೂ ಕಣ್ಣು ಚುರುಕಾಗಿರುವುದು, ಮೇವು ತಿನ್ನುವುದು, ಬರಿದಾದ ಕಡೆ ಹೊಸ ಗರಿಯ ಮೊಳಕೆಗಳು ಮುಳ್ಳಿನಂತೆ ಕೈಗೆ ತಗುಲುವುವು. ಮೊಳಕೆಯಿಲ್ಲದೆ ಚರ್ಮ ಕೆಂಪಾಗಿದ್ದರೆ ಹೇನನ್ನು ಹುಡುಕಬೇಕು. ಹಕ್ಕಿಯು ತೂಕಡಿಸುತ್ತ, ಬಾಯಿ ತೆರೆದು ಉಸಿರೆಳೆಯುತ್ತ, ಹಸುರು ಭೇದಿ ಮಾಡುತ್ತ, ಕತ್ತು ತಿರುಚಿಕೊಂಡರೆ ಅದು ಕೊಕ್ಕರೆ ರೋಗವೆಂದು ಸಂಶಯಿಸತಕ್ಕದ್ದು. 1927ರಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ ಪತ್ತೆಯಾದುದರಿಂದ ಇದಕ್ಕೆ ಆ ಊರಿನ ಹೆಸರೂ ಉಂಟು. ಅಂಥ ಹಕ್ಕಿಯನ್ನು ಒಡನೆಯೇ ಬೇರ್ಪಡಿಸಿ ಪಶುವೈದ್ಯರಿಗೆ ತಿಳಿಸತಕ್ಕದ್ದು. ಸಂತೆಗೆ ಒಯ್ದರೆ ಹತ್ತು ಹಳ್ಳಿಗಳಿಗೆ ರೋಗವನ್ನು ಹಂಚಿದಂತಾಗುವುದು.

ಮೇವು ಮತ್ತು ಆರೈಕೆ

ಮೊಟ್ಟೆಯಿಲ್ಲವೆಂದು ಮೇವನ್ನು ಕಡಮೆಮಾಡುವುದು ದೊಡ್ಡ ತಪ್ಪು. ಬರೀ ರಾಗಿ ನುಚ್ಚುಗಳಿಂದ ಗರಿ ಬೆಳೆಯದು. ರಾಗಿ 2 ಪಾಲು, ಅಕ್ಕಿಯ ತೌಡು 2 ಪಾಲು, ಹಿಂಡಿ 1 ಪಾಲು ಬೆರಸಿ, ಹೊರಗೆ ಮೇಯುವ ಹಕ್ಕಿಯೊಂದಕ್ಕೆ ಸಂಜೆ ಒಂದು ಹಿಡಿಯಂತೆ ಕೊಡಬಹುದು. ಗರಿಗೆ ಗಂಧಕ ಸೇರಿದ ಸತ್ವವು ವಿಶೇಷವಾಗಿ ಬೇಕಾದುದರಿಂದ, ಕಡಲೆಕಾಯಿ ಹಿಂಡಿಯೊಡನೆ ಎಳ್ಳಿನ ಹಿಂಡಿಯನ್ನೂ ಸೇರಿಸುವುದು ಲೇಸು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ಎಂದಿಗೂ ಹಾಕಕೂಡದು. 1960ರಲ್ಲಿ ಇಂಗ್ಲೆಂಡಿನಲ್ಲಿ ಅಂಥ ಹಿಂಡಿಯ ವಿಷದಿಂದ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುವು. ಗೆದ್ದಲು, ನುಗ್ಗೆಸೊಪ್ಪು, ರೇಷ್ಮೆ ಬಿಚ್ಚಿದ ಮೇಲೆ ಉಳಿಯುವ ಹುಳುಗಳನ್ನು ಚೆನ್ನಾಗಿ ಒಣಗಿಸಿ ಮಾಡಿದ ಪುಡಿ, ಇವೆಲ್ಲವೂ ಒಳ್ಳೆಯವು. ಗೂಡು ಸೋರದಂತಿರಬೇಕು, ಶುದ್ಧವಾದ ನೀರಿರಬೇಕು, ಹೊರಳಾಡಲು ಬೂದಿ ಬೆರಸಿದ ಒಣ ಮಣ್ಣಿರಬೇಕು. ಮೊಟ್ಟೆ ಮತ್ತೆ ಆರಂಭವಾಗುವ ಹೊತ್ತಿಗೆ ಕಪ್ಪೆಚಿಪ್ಪಿನ ಪುಡಿಯನ್ನು ಒದಗಿಸತಕ್ಕದ್ದು.

ಮಾಘ ಫಾಲ್ಗುಣಗಳಲ್ಲಿ ಒಡೆದ ಮರಿಗಳು ಆರೇಳು ತಿಂಗಳಿಗೆ, ಸರಿಯಾಗಿ ಈ ಬಿಡುವಿನ ಕಾಲಕ್ಕೇ, ಮೊದಲ ಮೊಟ್ಟೆಯಿಡುವುವು. ಪ್ರತಿವರ್ಷವೂ ಅಂಥ ಕೆಲವನ್ನು ಉಳಿಸಿಕೊಂಡ ಮನೆಯಲ್ಲಿ ಮೊಟ್ಟೆಯು ಪೂರ್ಣವಾಗಿ ನಿಲ್ಲುವ ಸಂಭವವು ಕಡಮೆ.

ಸಾರಾಂಶ

1. ಗರಿ ಬಿಡುವ ಕೋಳಿಯನ್ನು ರೋಗಿಯೆಂದು ಮಾರಬಾರದು.
2. ಶ್ರಾವಣಕ್ಕೆ ಮುಂಚೆಯೇ ಗರಿ ಬಿಟ್ಟು ಮೊಟ್ಟೆ ನಿಲ್ಲಿಸಿದ ಹೇಂಟೆಯನ್ನು ಪಿತೃಪಕ್ಷ, ಮಾರ್ನವಮಿಗಳ ಅಡಿಗೆಗೆ ಆರಿಸಿಕೊಳ್ಳಬಹುದು.
3. ತಡವಾಗಿ ಗರಿ ಬಿಟ್ಟ ಹೇಂಟೆಯ ಕಾಲಿಗೆ ಬಣ್ಣದ ದಾರವನ್ನು ಕಟ್ಟಿ, ಮುಂದೆ ಅದರ ಮೊಟ್ಟೆಗಳನ್ನೇ ಕಾವಿಗೆ ಇಡತಕ್ಕದ್ದು.
4. ಈ ಕಾಲದಲ್ಲಿ ಮೇವನ್ನು ಹೆಚ್ಚಿಸತಕ್ಕದ್ದು, ಇಳಿಸತಕ್ಕದ್ದಲ್ಲ.

ರೈತನು ಬಿತ್ತನೆಗಾಗಿ ರಾಗಿಯ ಒಳ್ಳೆಯ ತೆನೆಯನ್ನು ಆರಿಸಿಡುವನು; ಅದನ್ನು ಸಂತೆಗೆ ಕಳುಹಿಸುವನೇ? ಹಿತ್ತಲಿನ ಬೋಳು ಹೇಂಟೆಯೂ ಅಂಥ ಬಿತ್ತನೆಯ ತೆನೆಯೇ. ಊರಿನ ಮುಖಂಡರು ಮೊದಲು ತಮ್ಮ ಮನೆಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದರೆ ನೆರೆಹೊರೆಯವರೂ ಅನುಸರಿಸುವರು. ಸಂತೆಗೆ ಹೊರಡುವ ಮುನ್ನ ಮನೆಯ ಹೆಂಗಸರ ಮಾತನ್ನೂ ಕೇಳುವುದು ಒಳ್ಳೆಯದು. ಯಾವ ಹೇಂಟೆಯು ಎಷ್ಟು ಮೊಟ್ಟೆಯಿಟ್ಟಿತೆಂಬುದನ್ನು ಬಲ್ಲವರು ಅವರೇ.