ಕೋವಿಗೆ ಮುಡಿಸುವ ಹೂವು

ನಂದಿನಿ ಲೇಔಟ್‌ನ ನಮ್ಮ ಮನೆಯ ತಾರಸಿಯಲ್ಲಿ ಒಂದು ಕುಂಡವಿದೆ. ಬೇಸಿಗೆಯಲ್ಲಿ ನೋಡಿದರೆ ಬರೀ ಮಣ್ಣು. ಮುಂಗಾರಿನ ನಾಲ್ಕು ಮಳೆ ಬಿದ್ದದ್ದೇ ತಡ, ಮೊಳಕೆ ಎದ್ದು ಬಟ್ಟೆ ಒಣಹಾಕುವ ಹಗ್ಗಕ್ಕೆ ಹಬ್ಬುತ್ತದೆ. ಇದರ ಎಲೆಯ ತುದಿಯೇ ಸುರುಳಿ ಸುತ್ತಿ, ಸಿಕ್ಕ ಆಸರೆಗೆ ಕೊಕ್ಕೆ ಹಾಕಿಕೊಳ್ಳುತ್ತದೆ. ಇದೇ ಅಗ್ನಿಶಿಖೆ, ಹಲವರ ಬಾಯಲ್ಲಿ ಗೌರಿ ಹೂ.

ಹೂವಿಗೆ ಆರು ಎಸಳು. ಅರಳುತ್ತಿದ್ದಂತೆ ಅವು ಹಿಂದಕ್ಕೆ ಬಾಗಿ ಮೇಲೆ ನಿಲ್ಲುತ್ತವೆ, ಅಂಚಿಗೆಲ್ಲ ಸೀರೆಯ ನಿರಿಗೆ. ಮೊದಲು ಹಸಿರು ಬೆರೆತ ಹಳದಿ, ಆಮೇಲೆ ತುದಿ ಕೆಂಪು, ಕೊನೆಗೆ ಇಡೀ ಹೂವೇ ಕೆಂಪು. ಸೌದೆ ಒಲೆ ಹೊತ್ತಿಕೊಂಡ ಹಾಗೆ.

ಇಂಗ್ಲಿಷಿನವರು ಇದನ್ನು ಲಿಲ್ಲಿ ಎಂದರು. ಸಸ್ಯಶಾಸ್ತ್ರವೂ ಬಹುಕಾಲ ಲಿಲ್ಲಿಯ ಕುಟುಂಬದಲ್ಲೇ ಇಟ್ಟಿತ್ತು. ಈಗ ಕಾಲ್ಚಿಕೇಸಿ ಎಂಬ ಬೇರೆ ಮನೆಗೆ ಸೇರಿಸಿದೆ. ತಮಿಳುನಾಡಿಗೆ ಇದು ರಾಜ್ಯಪುಷ್ಪ, ಜಿಂಬಾಬ್ವೆಗೆ ರಾಷ್ಟ್ರಪುಷ್ಪ.

ಆದರೆ ಈ ಹೂವಿಗೆ ಸಲ್ಲುವ ಮರ್ಯಾದೆ ನೋಡಬೇಕಾದರೆ ಕೊಡಗಿಗೆ ಹೋಗಬೇಕು. ಅಲ್ಲಿ ಇದು ತೋಕ್ ಪೂ. ತೋಕ್ ಎಂದರೆ ಕೋವಿ, ಪೂ ಎಂದರೆ ಹೂ. ಗದ್ದೆಯ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಕೋವಿ, ಕತ್ತಿಗಳನ್ನು ತೊಳೆದು ಒರೆಸಿ ಸಾಲಾಗಿ ಇಟ್ಟು ಪೂಜಿಸುತ್ತಾರೆ. ಕೋವಿಗೆ ತೋಕ್ ಪೂ ಮುಡಿಸುತ್ತಾರೆ. ಬೇಲಿಯಲ್ಲಿ, ಕಾಡಂಚಿನ ಹುಲ್ಲಿನಲ್ಲಿ ಅದು ಅರಳುವುದೂ ಆ ಹೊತ್ತಿಗೇ.

ಚೆಲುವು ಮಣ್ಣಿನ ಮೇಲೆ, ಅಪಾಯ ಕೆಳಗೆ. ಕವಲೊಡೆದ ಗಡ್ಡೆ ನೇಗಿಲಿನಂತಿರುವುದರಿಂದ ಸಂಸ್ಕೃತದಲ್ಲಿ ಲಾಂಗಲಿ. ಆಯುರ್ವೇದ ಇದನ್ನು ಉಪವಿಷಗಳಲ್ಲಿ ಎಣಿಸಿ, ಶುದ್ಧಿ ಮಾಡದೆ ಬಳಸಬಾರದೆನ್ನುತ್ತದೆ. ವಿಷದ ಹೆಸರು ಕಾಲ್ಚಿಸಿನ್. ಇಡೀ ಗಿಡದಲ್ಲಿದೆ, ಗಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ಜೀವಕೋಶ ಎರಡಾಗುವುದನ್ನೇ ಅದು ತಡೆಯುತ್ತದೆ. ಹಾಗಾಗಿ ಹೊಟ್ಟೆಗೆ ಹೋದರೆ ವಾಂತಿ, ಭೇದಿಯಿಂದ ಶುರುವಾಗಿ ಪ್ರಾಣಕ್ಕೇ ಕುತ್ತು. ಅದೇ ಕಾಲ್ಚಿಸಿನ್ ವೈದ್ಯರ ಅಳತೆಯಲ್ಲಿ ಗೌಟ್ ಎಂಬ ಕೀಲುಬೇನೆಗೆ ಮದ್ದು. ತಳಿ ಬೆಳೆಸುವವರು ಸಸ್ಯಗಳ ವರ್ಣತಂತುಗಳನ್ನು ಇಮ್ಮಡಿಗೊಳಿಸುವುದೂ ಇದರಿಂದಲೇ.

ಗಡ್ಡೆ ನೋಡಿದವರಿಗೆ ಗೆಣಸೆಂಬ ಭ್ರಮೆಯಾಗಬಹುದು. ಆದ್ದರಿಂದ ಬೆಳೆಸುವವರು ಕುಂಡವನ್ನು ಮಕ್ಕಳ ಕೈಗೆಟುಕದಂತೆ ಇಡಿ, ಗಡ್ಡೆ ಮುಟ್ಟಿದ ಕೈ ತೊಳೆಯಿರಿ. ಕಾಡಿನಲ್ಲಿ ಕಂಡರೆ ಕೀಳಬೇಡಿ. ಗಡ್ಡೆ ಉಳಿದರೆ ಬರುವ ಮಳೆಗೆ ಹೂವು ತಾನಾಗಿ ಬರುತ್ತದೆ.