ನಕ್ಷತ್ರಗಳ ಹೆರಿಗೆಮನೆ

ಉಚ್ಚಿಲದ ಕಡಲ ದಂಡೆಯಲ್ಲಿ ಮನೆ ಮಾಡಿರುವವರಿಗೆ ಗಾಳಿಯ ತೇವವೇನೆಂದು ಹೇಳಿಕೊಡಬೇಕಾಗಿಲ್ಲ. ಭರಣಿಯ ಉಪ್ಪು ನೀರೊಡೆಯುತ್ತದೆ. ಕರಿದಿಟ್ಟ ಹಪ್ಪಳ ಗಳಿಗೆಯಲ್ಲಿ ಮೆತ್ತಗಾಗುತ್ತದೆ. ಇದೇ ನೀರಾವಿಯು ನಕ್ಷತ್ರಗಳ ಹುಟ್ಟನ್ನು ನೋಡಹೊರಟ ವಿಜ್ಞಾನಿಗಳಿಗೂ ಅಡ್ಡ ಬರುತ್ತದೆಂದರೆ ನೀವು ನಂಬುವಿರಾ?

ಎಪ್ರಿಲ್ ತಿಂಗಳ ರಾತ್ರಿ ಎಂಟು ಗಂಟೆಗೆ ಕಡಲಿಗೆ ಮುಖ ಮಾಡಿ ನಿಲ್ಲಿ. ಪಡುವಣ ಬಾನಿನಲ್ಲಿ ಮಹಾವ್ಯಾಧನ ನಡುಕಟ್ಟಿನ ಮೂರು ನಕ್ಷತ್ರಗಳು ಒಂದೇ ಸಾಲಿನಲ್ಲಿ ಕಾಣುತ್ತವೆ. ಅವುಗಳ ತೆಂಕಣ ಬದಿಗೆ, ನಿಮ್ಮ ಎಡಗಡೆಗೆ, ಬೆಳಕಿನ ಮಸುಕು ಮಚ್ಚೆಯೊಂದಿದೆ. ಸುಮಾರು 1,300 ಜ್ಯೋತಿರ್ವರ್ಷಗಳಾಚೆಯ ಆ ಅನಿಲದ ಮೋಡದಲ್ಲಿ ನಕ್ಷತ್ರಗಳು ಹುಟ್ಟುತ್ತಿವೆ. ಹುಟ್ಟುವ ನಕ್ಷತ್ರ ಮಾತ್ರ ಕಣ್ಣಿಗೆ ಬೀಳದು. ಸುತ್ತಲಿನ ಧೂಳು ಅದರ ಬೆಳಕನ್ನು ನುಂಗಿ, ತುಸು ಬೆಚ್ಚಗಾಗಿ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೊರಸೂಸುತ್ತದೆ. ಬೆಚ್ಚಗೆ ಎಂದೆನಲ್ಲ, ಅದೂ ಸೊನ್ನೆಗಿಂತ 200 ಡಿಗ್ರಿಗೂ ಕೆಳಗಿನ ಚಳಿಯೇ! ಮೋಡದೊಳಗಿನ ಇಂಗಾಲದ ಪರಮಾಣುಗಳೂ 158 ಮೈಕ್ರಾನ್, ಎಂದರೆ ಮಿಲಿಮೀಟರಿನ ಆರನೆಯ ಒಂದು ಪಾಲಿನಷ್ಟು ಉದ್ದದ ಅಲೆಗಳಾಗಿ ಶಾಖವನ್ನು ಚೆಲ್ಲುತ್ತವೆ. ಅಷ್ಟು ದೂರ ನಡೆದು ಬಂದ ಈ ಕಿರಣಗಳು ಕಟ್ಟಕಡೆಗೆ ನಮ್ಮ ನೆತ್ತಿಯ ಮೇಲಿನ ನೀರಾವಿಯಲ್ಲಿ ಅಡಗಿಹೋಗುತ್ತವೆ.

ಆದ್ದರಿಂದ ದೂರದರ್ಶಕವನ್ನೇ ಮೇಲಕ್ಕೊಯ್ಯಬೇಕು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 100 ಸೆಂಟಿಮೀಟರ್ ಕನ್ನಡಿಯ ದೂರದರ್ಶಕವನ್ನು ಹೈದರಾಬಾದಿನಿಂದ ಬಲೂನಿಗೆ ಕಟ್ಟಿ ಸುಮಾರು 30 ಕಿ.ಮೀ. ಎತ್ತರಕ್ಕೆ ಕಳುಹಿಸಿದರು. ಜಪಾನಿನ ಉಪಕರಣವೊಂದನ್ನು ಅದಕ್ಕೆ ಜೋಡಿಸಿ, ನೀವು ನೋಡಿದ ಅದೇ ಮಹಾವ್ಯಾಧನ ಮೋಡದ ಇಂಗಾಲ ಕಿರಣದ ನಕ್ಷೆಯನ್ನು ತಯಾರಿಸಿ 2003ರಲ್ಲಿ ಪ್ರಕಟಿಸಿದರು. ಬಲೂನು ಗಾಳಿ ಒಯ್ದತ್ತ ಹೋಗುವ ವಾಹನ. 2025ರ ಜನವರಿಯಲ್ಲಿ ಅದೇ ಹೈದರಾಬಾದ್ ಕೇಂದ್ರದ ಬೇರೊಂದು ಬಲೂನು ಬೀದರ್ ಜಿಲ್ಲೆಯ ಜಲಸಂಗಿ ಗ್ರಾಮದಲ್ಲಿ ಇಳಿದಾಗ ಊರಿನವರು ಗಾಬರಿಯಾದದ್ದು ಸಹಜವೇ.

ಅಮೆರಿಕ ಮತ್ತು ಜರ್ಮನಿ ದೇಶಗಳು ವಿಮಾನವನ್ನು ಆರಿಸಿಕೊಂಡವು. ಸೋಫಿಯಾ ಎಂಬ ಬೋಯಿಂಗ್ 747 ವಿಮಾನದ ಪಕ್ಕೆಯಲ್ಲಿ ಬಾಗಿಲು ಕೊರೆದು, 2.7 ಮೀಟರ್ ಕನ್ನಡಿಯನ್ನು ಕೂರಿಸಿ, 2022ರವರೆಗೆ ಹಾರಿಸಿದರು. 12-13 ಕಿ.ಮೀ. ಎತ್ತರದಲ್ಲಿ ನೀರಾವಿಯ ನೂರರಲ್ಲಿ 99 ಪಾಲು ವಿಮಾನದ ಕೆಳಗುಳಿಯುತ್ತಿತ್ತು.

ಆ ಇಂಗಾಲದ ಕಿರಣದಲ್ಲೇ ಸೋಫಿಯಾ ಮಹಾವ್ಯಾಧನನ್ನು ಮತ್ತಷ್ಟು ಸೂಕ್ಷ್ಮವಾಗಿ ನೋಡಿತು. ಮಚ್ಚೆಯ ನಡುವಿನ ಒಂದು ಹೆಗ್ನಕ್ಷತ್ರದಿಂದ ಬೀಸುವ ಗಾಳಿಯು ಸುತ್ತಲಿನ ಅನಿಲವನ್ನು ಸೆಕೆಂಡಿಗೆ ಸುಮಾರು 13 ಕಿ.ಮೀ. ವೇಗದಲ್ಲಿ ಗುಳ್ಳೆಯಂತೆ ಹೊರದೂಡುತ್ತಿದೆಯೆಂದು 2019ರಲ್ಲಿ ತಿಳಿದುಬಂತು. ಹೊಸ ನಕ್ಷತ್ರಗಳಾಗಬೇಕಿದ್ದ ಸಾಮಗ್ರಿಯೇ ಹೀಗೆ ಚದುರುತ್ತಿದೆ. ಇಂಥ ಕೆಲಸವನ್ನು ಸಾಯುವ ಕಾಲಕ್ಕೆ ಸಿಡಿಯುವ ನಕ್ಷತ್ರಗಳೇ ಹೆಚ್ಚಾಗಿ ಮಾಡುತ್ತವೆಂಬ ಎಣಿಕೆಯಿತ್ತು. ಇಲ್ಲಿ ಮಾಡುತ್ತಿರುವುದು ಇನ್ನೂ ಎಳೆಯ ನಕ್ಷತ್ರ.